ಕ್ಯಾನ್ಸರ್ ಸಂಶೋಧನೆಯಲ್ಲಿ ಪ್ರೋಟೀನ್ ವಿಶ್ಲೇಷಣೆ ಮತ್ತು ಸಂಗ್ರಹಿತ ಮಾದರಿಗಳು

ಕ್ಯಾನ್ಸರ್ ಸಂಶೋಧನೆಯಲ್ಲಿ ಪ್ರೋಟೀನ್ ವಿಶ್ಲೇಷಣೆ ಎಂದರೆ ರೋಗಿಗಳ ಗಡ್ಡೆ, ರಕ್ತ ಮೊದಲಾದವುಗಳಲ್ಲಿರುವ ಪ್ರೋಟೀನ್‌ಗಳನ್ನು ಗುರುತಿಸಿ, ಅವುಗಳ ಪ್ರಮಾಣವನ್ನು ಅಳೆದು, ರೋಗದ ಹುಟ್ಟು, ಬೆಳವಣಿಗೆ ಹಾಗೂ ಚಿಕಿತ್ಸೆಗೆ ಅದು ಸ್ಪಂದಿಸುವ ಬಗೆಯನ್ನು ಅರಿಯುವ ಅಧ್ಯಯನ ಕ್ರಮ. ಒಂದು ಜೀವಕೋಶ ಅಥವಾ ಅಂಗಾಂಶದಲ್ಲಿರುವ ಎಲ್ಲ ಪ್ರೋಟೀನ್‌ಗಳನ್ನೂ ಒಟ್ಟಾಗಿ ಅಧ್ಯಯನ ಮಾಡುವ ಶಾಖೆಗೆ ಪ್ರೋಟಿಯೋಮಿಕ್ಸ್ ಎಂದು ಹೆಸರು. ಇದಕ್ಕೆ ಬೇಕಾದ ಮಾದರಿಗಳು ಬಹುಪಾಲು ಆಸ್ಪತ್ರೆಗಳಲ್ಲಿ ಅಥವಾ ಬಯೋಬ್ಯಾಂಕ್ ಎಂಬ ಭಂಡಾರಗಳಲ್ಲಿ ವರ್ಷಗಟ್ಟಲೆ ಕಾಪಿಟ್ಟಂಥವು. ಮಾದರಿಯನ್ನು ಯಾರಿಂದ, ಯಾವಾಗ, ಹೇಗೆ ತೆಗೆದು ಇರಿಸಲಾಯಿತು ಎಂಬುದರ ಮೇಲೆಯೇ ಫಲಿತಾಂಶದ ವಿಶ್ವಾಸಾರ್ಹತೆ ನಿಂತಿದೆ. ಈ ಕ್ಷೇತ್ರದ ದೊಡ್ಡ ಯಶಸ್ಸಿಗಾಗಲಿ ದೊಡ್ಡ ಸೋಲಿಗಾಗಲಿ ಕಾರಣ ಹುಡುಕಿದರೆ, ಯಂತ್ರಕ್ಕಿಂತ ಮೊದಲು ಮಾದರಿಯೇ ಎದುರಾಗುತ್ತದೆ.

ಹಿನ್ನೆಲೆ

ಮಾನವನ ಜೀನೋಮ್‌ನಲ್ಲಿ ಪ್ರೋಟೀನ್ ತಯಾರಿಕೆಗೆ ಸೂಚನೆ ನೀಡುವ ವಂಶವಾಹಿಗಳು ಸುಮಾರು 20,000. ಆದರೆ ಒಂದೇ ವಂಶವಾಹಿಯಿಂದ ಹಲವು ರೂಪದ ಪ್ರೋಟೀನ್‌ಗಳು ಹುಟ್ಟಬಹುದು. ಹುಟ್ಟಿದ ಮೇಲೆ ಅವುಗಳಿಗೆ ಫಾಸ್ಫೇಟ್, ಸಕ್ಕರೆ ಮೊದಲಾದ ರಾಸಾಯನಿಕ ಗುಂಪುಗಳು ಸೇರಿಕೊಂಡು ಅವುಗಳ ಕೆಲಸವೇ ಬದಲಾಗಬಹುದು. ಕ್ಯಾನ್ಸರ್ ವಂಶವಾಹಿಗಳಲ್ಲಿನ ದೋಷದಿಂದ ಆರಂಭವಾಗುತ್ತದೆಯಾದರೂ ಕೋಶವು ಅಂಕೆ ಮೀರಿ ವಿಭಜಿಸುವಂತೆ ಮಾಡುವುದು ಆ ದೋಷದಿಂದ ಬದಲಾದ ಪ್ರೋಟೀನ್‌ಗಳ ವರ್ತನೆ. ಇಂದು ಬಳಕೆಯಲ್ಲಿರುವ ಗುರಿನಿರ್ದೇಶಿತ ಔಷಧಗಳಲ್ಲಿ ಬಹುತೇಕವು ಯಾವುದಾದರೊಂದು ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತವೆ.

ಪ್ರೋಟಿಯೋಮ್ ಎಂಬ ಪದವನ್ನು 1994ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಮಾರ್ಕ್ ವಿಲ್ಕಿನ್ಸ್ ಚಲಾವಣೆಗೆ ತಂದರು. ವಂಶವಾಹಿಗಳನ್ನೂ ಸಂದೇಶವಾಹಕ ಆರ್‌ಎನ್‌ಎಯನ್ನೂ ಓದಿದರೆ ಪ್ರೋಟೀನ್‌ಗಳ ಪ್ರಮಾಣವನ್ನು ಊಹಿಸಬಹುದಲ್ಲವೇ ಎಂಬ ಪ್ರಶ್ನೆ ಬಹುಕಾಲ ಇತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬೆಂಬಲದ ಸಿಪಿಟಿಎಸಿ ಒಕ್ಕೂಟವು 2014ರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ 95 ಗಡ್ಡೆಗಳನ್ನು ಪರೀಕ್ಷಿಸಿ, ಆರ್‌ಎನ್‌ಎ ಪ್ರಮಾಣದಿಂದ ಪ್ರೋಟೀನ್ ಪ್ರಮಾಣವನ್ನು ನೆಚ್ಚಿ ಹೇಳಲಾಗದು ಎಂದು ತೋರಿಸಿತು. ಪ್ರೋಟೀನನ್ನು ತಿಳಿಯಬೇಕಾದರೆ ಪ್ರೋಟೀನನ್ನೇ ಅಳೆಯಬೇಕು.

ಮಾದರಿಗಳು ಮತ್ತು ಸಂಗ್ರಹಣೆ

ಅತಿ ಹೆಚ್ಚಿನ ಸಂಖ್ಯೆಯಲ್ಲಿ ದೊರೆಯುವುದು ಫಾರ್ಮಲಿನ್‌ನಲ್ಲಿ ನೆನೆಸಿ ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಣುಕುಗಳು. ರೋಗಪತ್ತೆಗೆಂದು ಬಯಾಪ್ಸಿ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದಿಂದ ತೆಳು ಪದರಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಬಳಿಕ ಉಳಿದ ಮೇಣದ ಅಚ್ಚು ರೋಗಶಾಸ್ತ್ರ ವಿಭಾಗದ ಕಪಾಟು ಸೇರುತ್ತದೆ. ಇದಕ್ಕೆ ವಿದ್ಯುತ್ ಬೇಡ, ಶೀತಲ ಯಂತ್ರ ಬೇಡ. ದಶಕಗಳ ಕಾಲ ಕೋಣೆಯ ಉಷ್ಣತೆಯಲ್ಲೇ ಉಳಿಯುತ್ತದೆ. ತೊಡಕೆಂದರೆ ಫಾರ್ಮಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. 1991ರಲ್ಲಿ ಅಂಗಾಂಶದ ಪದರವನ್ನು ನೀರಿನಂಥ ದ್ರಾವಣದಲ್ಲಿ ಹೆಚ್ಚಿನ ಉಷ್ಣತೆಗೆ ಕಾಯಿಸಿ ಈ ಬೆಸುಗೆಯನ್ನು ಸಡಿಲಿಸುವ ಕ್ರಮ ಪ್ರಕಟವಾದ ಮೇಲೆ ಹಳೆಯ ಅಚ್ಚುಗಳು ಮತ್ತೆ ಉಪಯೋಗಕ್ಕೆ ಬಂದವು. 1998ರಲ್ಲಿ ನೂರಾರು ರೋಗಿಗಳ ಅಂಗಾಂಶದ ಸಣ್ಣ ಚುಕ್ಕೆಗಳನ್ನು ಒಂದೇ ಗಾಜಿನ ಪಟ್ಟಿಯ ಮೇಲೆ ಸಾಲಾಗಿ ಕೂರಿಸುವ ವಿಧಾನವೂ ಬಂತು.

ಎರಡನೆಯ ಬಗೆ ತಕ್ಷಣ ಹೆಪ್ಪುಗಟ್ಟಿಸಿದ ಅಂಗಾಂಶ. ಇದನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ಗಳಲ್ಲಿ, ಇಲ್ಲವೆ ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕದ ಪೀಪಾಯಿಗಳಲ್ಲಿ ಇಡುತ್ತಾರೆ. ಪ್ರೋಟೀನ್‌ಗಳು ತಮ್ಮ ಸಹಜ ರೂಪದಲ್ಲಿ ಉಳಿಯುವುದು ಇಲ್ಲಿಯೇ ಹೆಚ್ಚು. ಆದರೆ ಶಸ್ತ್ರವೈದ್ಯರು ಗಡ್ಡೆಯ ರಕ್ತನಾಳವನ್ನು ಕಟ್ಟಿದ ಕ್ಷಣದಿಂದ ಅದು ಹೆಪ್ಪುಗಟ್ಟುವವರೆಗಿನ ಅವಧಿ ನಿರ್ಣಾಯಕ. ರಕ್ತ ಪೂರೈಕೆ ನಿಂತ ಕೋಶಗಳು ಇನ್ನೂ ಜೀವಂತವಾಗಿದ್ದು ಒತ್ತಡಕ್ಕೆ ಪ್ರತಿಕ್ರಿಯಿಸುತ್ತವೆ. ಒಟ್ಟು ಪ್ರೋಟೀನ್‌ಗಳ ಪ್ರಮಾಣ ಒಂದು ಗಂಟೆಯವರೆಗೆ ಹೆಚ್ಚು ಬದಲಾಗದಿದ್ದರೂ ಅವುಗಳಿಗೆ ಸೇರಿದ ಫಾಸ್ಫೇಟ್ ಗುಂಪುಗಳು ಕೆಲವೇ ನಿಮಿಷಗಳಲ್ಲಿ ಬದಲಾಗುತ್ತವೆ. ಹಾಗಾಗಿ ಗಡ್ಡೆಯ ಗುಣವೆಂದು ಅಳೆದದ್ದು ಕೆಲವೊಮ್ಮೆ ಟ್ರೇಯಲ್ಲಿ ಕಾದ ಹೊತ್ತಿನ ಗುಣವಾಗಿರುತ್ತದೆ.

ರಕ್ತದ ಮಾದರಿಗಳೂ ಇಷ್ಟೇ ಸೂಕ್ಷ್ಮ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಪಡೆಯುವ ಸೀರಮ್ ಬೇರೆ, ಹೆಪ್ಪುಗಟ್ಟದಂತೆ ತಡೆದು ಪಡೆಯುವ ಪ್ಲಾಸ್ಮಾ ಬೇರೆ. ಎರಡರಲ್ಲಿನ ಪ್ರೋಟೀನ್‌ಗಳೂ ಒಂದೇ ಅಲ್ಲ. ಕೊಳವೆ ಎಷ್ಟು ಹೊತ್ತು ಮೇಜಿನ ಮೇಲಿತ್ತು, ಕೆಂಪು ಕಣಗಳು ಒಡೆದವೇ, ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಲಾಯಿತು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಇವುಗಳ ದಾಖಲೆ ಇಲ್ಲದ ಮಾದರಿ ಎಷ್ಟು ಹಳೆಯದಾದರೂ, ಎಷ್ಟು ಅಪರೂಪದ್ದಾದರೂ ಅದರ ಬೆಲೆ ಕಡಿಮೆಯೇ.

ವಿಶ್ಲೇಷಣೆಯ ವಿಧಾನಗಳು

ಹಳೆಯದೂ ಇಂದಿಗೂ ಆಸ್ಪತ್ರೆಗಳಲ್ಲಿ ನಿತ್ಯ ಬಳಕೆಯಾಗುವುದೂ ಪ್ರತಿಕಾಯಗಳನ್ನು ಆಧರಿಸಿದ ವಿಧಾನ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಬಣ್ಣ ಬರಿಸುವ ವಸ್ತುವನ್ನು ಜೋಡಿಸಿ ಅಂಗಾಂಶದ ಪದರದ ಮೇಲೆ ಹರಿಸಿದರೆ, ಆ ಪ್ರೋಟೀನ್ ಇರುವ ಜಾಗ ಬಣ್ಣಕ್ಕೆ ತಿರುಗುತ್ತದೆ. ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿದ್ದಾಗ ಈ ಕ್ರಮ ಉತ್ತಮ.

ಗೊತ್ತಿಲ್ಲದ್ದನ್ನು ಹುಡುಕಲು ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಸಣ್ಣ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳಿಗೆ ವಿದ್ಯುದಾವೇಶ ಕೊಟ್ಟು, ರಾಶಿ ಮತ್ತು ಆವೇಶಗಳ ಅನುಪಾತದಂತೆ ಬೇರ್ಪಡಿಸಿ, ಅವು ಯಾವ ಪ್ರೋಟೀನಿನವು ಎಂದು ಗಣಕದ ನೆರವಿನಿಂದ ಗುರುತಿಸಲಾಗುತ್ತದೆ. ಪ್ರೋಟೀನ್‌ನಂಥ ದೊಡ್ಡ ಅಣುಗಳನ್ನು ಒಡೆಯದೆ ಆವೇಶಯುಕ್ತಗೊಳಿಸುವ ಎರಡು ಮಾರ್ಗಗಳನ್ನು ಕಂಡುಕೊಂಡ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ 2002ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ರಕ್ತದ ವಿಷಯದಲ್ಲಿ ಈ ಯಂತ್ರಕ್ಕೂ ಮಿತಿಯಿದೆ. ಪ್ಲಾಸ್ಮಾದ ಪ್ರೋಟೀನಿನಲ್ಲಿ ಸುಮಾರು ಅರ್ಧದಷ್ಟು ಆಲ್ಬುಮಿನ್ ಒಂದೇ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಇರುವ ಪ್ರೋಟೀನ್‌ಗಳ ನಡುವಿನ ಅಂತರ ಸಾವಿರ ಕೋಟಿ ಪಟ್ಟಿಗೂ ಹೆಚ್ಚು. ಸಣ್ಣ ಗಡ್ಡೆಯೊಂದು ರಕ್ತಕ್ಕೆ ಬಿಡುವ ಪ್ರೋಟೀನ್ ಈ ಜಾತ್ರೆಯಲ್ಲಿ ಕಳೆದುಹೋಗುವುದೇ ಹೆಚ್ಚು.

ಹರ್-2 ಪ್ರೋಟೀನ್

ಸಂಗ್ರಹಿತ ಗಡ್ಡೆಗಳಿಂದ ಚಿಕಿತ್ಸೆಯವರೆಗೆ ಸಾಗಿದ ದಾರಿಗೆ ಹರ್-2 ಪ್ರಸಿದ್ಧ ಉದಾಹರಣೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ 189 ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಸುಮಾರು ಶೇಕಡ 30ರಲ್ಲಿ ಹರ್-2 ವಂಶವಾಹಿಯ ಪ್ರತಿಗಳು ಹೆಚ್ಚಾಗಿರುವುದನ್ನು ಕಂಡರು. ಅಂಥ ರೋಗಿಗಳಲ್ಲಿ ರೋಗ ಬೇಗ ಮರುಕಳಿಸುತ್ತಿತ್ತು, ಬದುಕುಳಿಯುವ ಅವಧಿ ಕಡಿಮೆಯಿತ್ತು. ಗಡ್ಡೆಯ ಜೊತೆಗೆ ಆ ರೋಗಿಗೆ ಮುಂದೇನಾಯಿತು ಎಂಬ ದಾಖಲೆಯನ್ನೂ ಉಳಿಸಿದ್ದರಿಂದಲೇ ಈ ಸಂಬಂಧ ಕಣ್ಣಿಗೆ ಬಿತ್ತು. 1989ರಲ್ಲಿ ಅದೇ ತಂಡ ಪ್ರೋಟೀನಿನ ಮಟ್ಟದಲ್ಲೂ ಇದನ್ನು ಪರಿಶೀಲಿಸಿತು. ಹರ್-2 ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಈಗಿನ ಅಂದಾಜಿನಂತೆ ಸ್ತನ ಕ್ಯಾನ್ಸರ್‌ಗಳಲ್ಲಿ ಶೇಕಡ 15ರಿಂದ 20ರಷ್ಟು ಹರ್-2 ಹೆಚ್ಚಿರುವಂಥವು. ಗಡ್ಡೆಯ ಪದರಕ್ಕೆ ಬಣ್ಣ ಬರಿಸಿ ಇದನ್ನು ನೋಡುವುದು ಇಂದು ಸಾಮಾನ್ಯ ಪರೀಕ್ಷೆ.

ಅಂಡಾಶಯ ಕ್ಯಾನ್ಸರ್‌ನ ರಕ್ತಪರೀಕ್ಷೆ: 2002ರ ಪ್ರಕರಣ

ಅಂಡಾಶಯದ ಕ್ಯಾನ್ಸರ್ ಬಹುಪಾಲು ರೋಗಿಗಳಲ್ಲಿ ಹೊಟ್ಟೆಯೊಳಗೆ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ಆರಂಭದಲ್ಲೇ ಪತ್ತೆಹಚ್ಚಬಲ್ಲ ರಕ್ತಪರೀಕ್ಷೆಗಾಗಿ ಹುಡುಕಾಟ ನಡೆದಿದ್ದಾಗ, 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಮ್ಯಾನುಯೆಲ್ ಪೆಟ್ರಿಕಾಯಿನ್, ಲ್ಯಾನ್ಸ್ ಲಿಯೊಟ್ಟಾ ಮತ್ತಿತರರ ಅಧ್ಯಯನ ಪ್ರಕಟವಾಯಿತು. ಸೀರಮ್ ಪ್ರೋಟೀನ್‌ಗಳ ಮಾಸ್ ಸ್ಪೆಕ್ಟ್ರೋಮೆಟ್ರಿ ಚಿತ್ರದಲ್ಲಿನ ವಿನ್ಯಾಸವನ್ನು ಗಣಕದಿಂದ ಓದಿಸಿ, 50 ಕ್ಯಾನ್ಸರ್ ಮಾದರಿಗಳನ್ನೂ ಸರಿಯಾಗಿ ಗುರುತಿಸಲಾಯಿತು. ಅವುಗಳಲ್ಲಿ 18 ಮೊದಲ ಹಂತದವು. ಕ್ಯಾನ್ಸರ್ ಇಲ್ಲದ 66 ಮಾದರಿಗಳಲ್ಲಿ 63 ಸರಿಯಾದವು. ಪತ್ರಿಕೆಗಳು ಇದನ್ನು ಕ್ರಾಂತಿಯೆಂದು ಬರೆದವು. ಇದನ್ನು ಆಧರಿಸಿದ ಪರೀಕ್ಷೆಯೊಂದನ್ನು ಮಾರಾಟಕ್ಕೆ ತರುವ ಸಿದ್ಧತೆಯೂ ನಡೆಯಿತು.

ಮೊದಲ ಆಕ್ಷೇಪ ಸರಳ ಲೆಕ್ಕದ್ದು. 66ರಲ್ಲಿ 3 ತಪ್ಪು ಎಂದರೆ ಅಲ್ಪವೆಂದು ತೋರುತ್ತದೆ. ಆದರೆ ಪರೀಕ್ಷೆಗೆ ಒಳಗಾಗುವ 2,500 ಮಹಿಳೆಯರಲ್ಲಿ ಒಬ್ಬರಿಗೆ ಮಾತ್ರ ರೋಗವಿದೆ ಎಂದುಕೊಂಡರೆ, ಆ ಒಬ್ಬರ ಜೊತೆಗೆ ನೂರಕ್ಕೂ ಹೆಚ್ಚು ಆರೋಗ್ಯವಂತರಿಗೆ ಕ್ಯಾನ್ಸರ್ ಇದೆಯೆಂಬ ವರದಿ ಬರುತ್ತದೆ. ಅಂಡಾಶಯದ ವಿಷಯದಲ್ಲಿ ಸಂಶಯ ಪರಿಹಾರವಾಗಲು ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುವುದರಿಂದ ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಟೆಕ್ಸಾಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಮತ್ತು ಸಂಗಡಿಗರು, ಸಾರ್ವಜನಿಕವಾಗಿ ಲಭ್ಯವಿದ್ದ ದತ್ತಾಂಶವನ್ನೇ ಮರುಪರಿಶೀಲಿಸಿ 2004ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ಕಂಡ ವಿನ್ಯಾಸ ಇನ್ನೊಂದರಲ್ಲಿ ಕಾಣಲಿಲ್ಲ. ಪ್ರೋಟೀನಿನ ಸಂಕೇತವೇ ಇರಲಾರದ, ಯಂತ್ರದ ಗದ್ದಲ ಮಾತ್ರ ಇರುವ ಭಾಗದಲ್ಲೂ ರೋಗಿಗಳ ಮತ್ತು ಆರೋಗ್ಯವಂತರ ಮಾದರಿಗಳು ಬೇರೆಬೇರೆಯಾಗಿ ನಿಂತಿದ್ದವು. ಇದರರ್ಥ, ಎರಡು ಗುಂಪುಗಳ ಮಾದರಿಗಳನ್ನು ನಿರ್ವಹಿಸುವ ಇಲ್ಲವೆ ಯಂತ್ರಕ್ಕೆ ಹಾಕುವ ಕ್ರಮದಲ್ಲೇ ವ್ಯತ್ಯಾಸವಿದ್ದಿರಬೇಕು. ಗಣಕ ಕಲಿತದ್ದು ಆ ವ್ಯತ್ಯಾಸವನ್ನು. ಮೂಲ ಅಧ್ಯಯನದ ಲೇಖಕರು ಈ ಟೀಕೆಗೆ ಉತ್ತರಿಸಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಾರಾಟಕ್ಕೆ ಮುನ್ನ ತನ್ನ ಪರಿಶೀಲನೆ ಅಗತ್ಯವೆಂದು ತಿಳಿಸಿತು. ಪರೀಕ್ಷೆ ಬಳಕೆಗೆ ಬರಲಿಲ್ಲ.

ಅಧ್ಯಯನ ವಿನ್ಯಾಸದಲ್ಲಿ ಬದಲಾವಣೆ

ಈ ಪ್ರಕರಣದ ಬಳಿಕ ಚರ್ಚೆ ಯಂತ್ರದಿಂದ ಮಾದರಿಯ ಕಡೆಗೆ ತಿರುಗಿತು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಡೇವಿಡ್ ರಾನ್ಸೊಹಾಫ್ 2005ರ ಲೇಖನದಲ್ಲಿ, ಬಯೋಮಾರ್ಕರ್ ಅಧ್ಯಯನಗಳಿಗೆ ಅತಿ ದೊಡ್ಡ ಅಪಾಯ ಹೋಲಿಸುವ ಗುಂಪುಗಳ ನಡುವೆ ಮೊದಲೇ ನುಸುಳಿದ ಪಕ್ಷಪಾತ ಎಂದು ವಾದಿಸಿದರು. ಮಾರ್ಗರೆಟ್ ಪೆಪೆ ಮತ್ತು ಸಂಗಡಿಗರು 2008ರಲ್ಲಿ ಸೂಚಿಸಿದ ಕ್ರಮದಂತೆ, ಯಾರಿಗೆ ರೋಗ ಬರುತ್ತದೆ ಎಂದು ತಿಳಿಯುವ ಮುಂಚೆಯೇ ಎಲ್ಲರಿಂದಲೂ ಒಂದೇ ರೀತಿಯಲ್ಲಿ ಮಾದರಿ ಪಡೆದು ಇರಿಸಬೇಕು. ಮುಂದೆ ರೋಗಿಗಳಾದವರ ಮತ್ತು ಆಗದವರ ಮಾದರಿಗಳನ್ನು ಆರಿಸಿ, ಯಾವುದು ಯಾರದೆಂದು ಅಳೆಯುವವರಿಗೆ ತಿಳಿಸದೆ ಪರೀಕ್ಷಿಸಬೇಕು.

ಇಂಥ ಪರೀಕ್ಷೆಗೆ ಒದಗಿಬಂದದ್ದು ಪಿಎಲ್‌ಸಿಒ ಎಂಬ ಅಮೆರಿಕದ ತಪಾಸಣಾ ಅಧ್ಯಯನ. ಸುಮಾರು 1,55,000 ಜನ ಭಾಗವಹಿಸಿದ ಇದರಲ್ಲಿ 1993ರಿಂದ ರಕ್ತದ ಮಾದರಿಗಳನ್ನು ಕೂಡಿಡಲಾಗಿತ್ತು. ಅಂಡಾಶಯ ಕ್ಯಾನ್ಸರ್‌ಗೆಂದು ಸೂಚಿಸಲಾಗಿದ್ದ ಹಲವು ಹೊಸ ಪ್ರೋಟೀನ್‌ಗಳನ್ನು ರೋಗಪತ್ತೆಗೆ ಮೊದಲೇ ತೆಗೆದ ಈ ಮಾದರಿಗಳಲ್ಲಿ ಅಳೆದಾಗ, 2011ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆ ತಂದಿತು. 1981ರಲ್ಲಿ ರಾಬರ್ಟ್ ಬಾಸ್ಟ್ ಮತ್ತಿತರರು ಗುರುತಿಸಿದ್ದ ಹಳೆಯ ಸಿಎ-125 ಪ್ರೋಟೀನನ್ನು ಮೀರಿಸುವ ಏಕೈಕ ಸೂಚಕ ಸಿಗಲಿಲ್ಲ; ರೋಗಪತ್ತೆಗೆ ಆರು ತಿಂಗಳಿಗಿಂತ ಹಿಂದಿನ ಮಾದರಿಗಳಲ್ಲಿ ಅದರ ಸಾಮರ್ಥ್ಯವೂ ಕುಂದುತ್ತಿತ್ತು. ನಿರಾಸೆಯಾದರೂ ಇದು ನಂಬಬಹುದಾದ ಉತ್ತರ.

ಅಂಗಾಂಶದ ಅಧ್ಯಯನಗಳಲ್ಲೂ ಇದೇ ಎಚ್ಚರ ಬಂತು. ಸಿಪಿಟಿಎಸಿ 2016ರಲ್ಲಿ ಪ್ರಕಟಿಸಿದ ಸ್ತನ ಕ್ಯಾನ್ಸರ್ ಅಧ್ಯಯನಕ್ಕೆ, ಹಿಂದೆ ವಂಶವಾಹಿಗಳ ಅಧ್ಯಯನಕ್ಕೆಂದು ಕೂಡಿಸಿದ್ದ 105 ಗಡ್ಡೆಗಳನ್ನು ತೆಗೆದುಕೊಂಡಿತ್ತು. ಅವುಗಳಲ್ಲಿ ಉತ್ತಮ ಗುಣಮಟ್ಟದ ಪ್ರೋಟೀನ್ ದತ್ತಾಂಶ ನೀಡಿದ್ದು 77 ಮಾತ್ರ.

ದೊಡ್ಡ ಪ್ರಮಾಣದ ಜನಸಮುದಾಯದ ಬಯೋಬ್ಯಾಂಕ್‌ಗಳಲ್ಲಿ ಯುಕೆ ಬಯೋಬ್ಯಾಂಕ್ ಮುಖ್ಯವಾದುದು. 2006ರಿಂದ 2010ರವರೆಗೆ 40ರಿಂದ 69 ವಯಸ್ಸಿನ ಸುಮಾರು 5 ಲಕ್ಷ ಜನರಿಂದ ರಕ್ತ ಪಡೆಯಲಾಯಿತು. ಅವರಲ್ಲಿ ಸುಮಾರು 45,000 ಜನರ ಪ್ಲಾಸ್ಮಾದ 1,463 ಪ್ರೋಟೀನ್‌ಗಳನ್ನು ಅಳೆದು 2024ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರೋಟೀನ್ ಮತ್ತು ಕ್ಯಾನ್ಸರ್ ನಡುವೆ 618 ಸಂಬಂಧಗಳನ್ನು ಗುರುತಿಸಿತು. ರಕ್ತ ಕೊಟ್ಟು ಏಳು ವರ್ಷಗಳಿಗೂ ಮೇಲ್ಪಟ್ಟು ರೋಗ ಪತ್ತೆಯಾದವರಲ್ಲೂ ಉಳಿದುಕೊಂಡವು 107. ಸಂಬಂಧವಿದೆ ಎಂದ ಮಾತ್ರಕ್ಕೆ ಅದು ಕಾರಣವಾಗುವುದಿಲ್ಲ; ಜೊತೆಗೆ ಈ ಭಂಡಾರಕ್ಕೆ ಮಾದರಿ ಕೊಟ್ಟವರಲ್ಲಿ ಬಹುಪಾಲು ಯುರೋಪಿಯನ್ ಮೂಲದವರು.

ಭಾರತ ಮತ್ತು ಕರ್ನಾಟಕದಲ್ಲಿ

ತಂಬಾಕು ಅಗಿಯುವ ಅಭ್ಯಾಸದಿಂದ ಬರುವ ಬಾಯಿಯ ಕ್ಯಾನ್ಸರ್ ಭಾರತದಲ್ಲಿ ಹೆಚ್ಚಾಗಿರುವುದರಿಂದ ಇಲ್ಲಿನ ರೋಗಿಗಳ ಮಾದರಿಗಳಿಗೆ ಬೇರೆಡೆಯವು ಬದಲಿಯಾಗಲಾರವು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಗಡ್ಡೆ ಅಂಗಾಂಶ ಭಂಡಾರವೂ ಮದ್ರಾಸ್ ಐಐಟಿಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಅಂಗಾಂಶ ಬಯೋಬ್ಯಾಂಕೂ ಇವೆ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯನ್ನು 2002ರಲ್ಲಿ ಅಖಿಲೇಶ್ ಪಾಂಡೆ ಸ್ಥಾಪಿಸಿದರು. ಮಾನವ ಪ್ರೋಟೀನ್‌ಗಳ ಮಾಹಿತಿಕೋಶವೊಂದನ್ನು ಈ ಸಂಸ್ಥೆ ರೂಪಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತಿತರ ಸಂಸ್ಥೆಗಳೊಂದಿಗೆ ಸೇರಿ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಮಾನವ ಪ್ರೋಟಿಯೋಮ್‌ನ ಕರಡು ನಕ್ಷೆಯನ್ನು ಪ್ರಕಟಿಸಿತು. ರೋಗವಿಲ್ಲದ 30 ಬಗೆಯ ಅಂಗಾಂಶ ಮತ್ತು ಕೋಶಗಳಿಂದ 17,294 ವಂಶವಾಹಿಗಳ ಪ್ರೋಟೀನ್‌ಗಳನ್ನು, ಅಂದರೆ ಸುಮಾರು ಶೇಕಡ 84ರಷ್ಟನ್ನು, ಅದು ಗುರುತಿಸಿತ್ತು. ಕ್ಯಾನ್ಸರ್ ಅಂಗಾಂಶದಲ್ಲಿ ಅಸಹಜವಾದುದನ್ನು ಹೇಳಲು ಸಹಜ ಅಂಗಾಂಶದ ಇಂಥ ನಕ್ಷೆ ಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರೂ ಈ ಸಂಸ್ಥೆಯ ಕ್ಯಾನ್ಸರ್ ಪ್ರೋಟೀನ್ ಅಧ್ಯಯನಗಳಲ್ಲಿ ಪಾಲ್ಗೊಂಡಿದ್ದಾರೆ.

ಮಾದರಿಯ ಒಡೆತನ ಮತ್ತು ಒಪ್ಪಿಗೆ

ಚಿಕಿತ್ಸೆಗೆಂದು ತೆಗೆದ ಅಂಗಾಂಶ ಯಾರದು ಎಂಬ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲೇರಿದೆ. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕಂಠದ ಗಡ್ಡೆಯಿಂದ 1951ರಲ್ಲಿ ಅವರ ಅರಿವಿಗೆ ತಾರದೆ ಪಡೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ರಕ್ತದ ಕ್ಯಾನ್ಸರ್ ರೋಗಿ ಜಾನ್ ಮೂರ್ ಅವರ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ, ದೇಹದಿಂದ ತೆಗೆದ ಕೋಶಗಳನ್ನು ಆಸ್ತಿಯೆಂದು ಹಕ್ಕು ಸಾಧಿಸಲಾಗದು, ಆದರೆ ತಮ್ಮ ಸಂಶೋಧನೆಯ ಹಾಗೂ ಲಾಭದ ಆಸಕ್ತಿಯನ್ನು ವೈದ್ಯರು ರೋಗಿಗೆ ತಿಳಿಸಲೇಬೇಕು ಎಂದಿತು. ಪ್ರಾಸ್ಟೇಟ್ ಕ್ಯಾನ್ಸರ್ ತಜ್ಞ ವಿಲಿಯಂ ಕ್ಯಾಟಲೋನಾ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಬಿಟ್ಟಾಗ ಸುಮಾರು 6,000 ರೋಗಿಗಳು ತಮ್ಮ ಮಾದರಿಗಳನ್ನು ಅವರಿಗೇ ಕಳುಹಿಸಬೇಕೆಂದು ಪತ್ರ ಬರೆದರು; 2007ರಲ್ಲಿ ಮೇಲ್ಮನವಿ ನ್ಯಾಯಾಲಯವು ಮಾದರಿಗಳು ವಿಶ್ವವಿದ್ಯಾಲಯದವು ಎಂಬ ತೀರ್ಪನ್ನು ಎತ್ತಿಹಿಡಿಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಬೇರೆ ನಿಲುವು ತಳೆದಿದೆ. ಅದರಂತೆ ಮಾದರಿಯ ಒಡೆತನ ಅದನ್ನು ಕೊಟ್ಟವರದೇ. ಬಯೋಬ್ಯಾಂಕ್ ಮತ್ತು ಸಂಸ್ಥೆಗಳು ಅದರ ಪಾಲಕರು ಮಾತ್ರ. ಕೊಟ್ಟವರು ತಮ್ಮ ಒಪ್ಪಿಗೆಯನ್ನು ಹಿಂಪಡೆಯಬಹುದು. ರೋಗಿಯ ಗುರುತನ್ನು ಪೂರ್ತಿ ಅಳಿಸಿದ ಉಳಿಕೆ ಮಾದರಿಗಳಿಗೆ ನೈತಿಕ ಸಮಿತಿಯು ಹೊಸ ಒಪ್ಪಿಗೆಯಿಂದ ವಿನಾಯಿತಿ ನೀಡಲು ಅವಕಾಶವಿದೆ.