ಮದುವೆಯ ಮರೆ, ಮದುವೆಯ ಹಕ್ಕು: ಭಾರತೀಯ ಸಿನಿಮಾ ಮತ್ತು ಸಲಿಂಗ ವಿವಾಹದ ಚರ್ಚೆ

2012ರ ಮೇ ತಿಂಗಳಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಜೋ ಬೈಡನ್ ಟಿವಿ ಸಂದರ್ಶನವೊಂದರಲ್ಲಿ ಸಲಿಂಗ ವಿವಾಹಕ್ಕೆ ತಮ್ಮ ಸಮ್ಮತಿ ಸೂಚಿಸಿದರು. ಈ ವಿಷಯದಲ್ಲಿ ಜನರಿಗೆ ತಿಳಿವಳಿಕೆ ಕೊಟ್ಟದ್ದು ಬಹುಶಃ ಬೇರೆಲ್ಲಕ್ಕಿಂತ ಹೆಚ್ಚಾಗಿ ‘ವಿಲ್ ಅಂಡ್ ಗ್ರೇಸ್’ ಎಂಬ ಹಾಸ್ಯ ಧಾರಾವಾಹಿ ಎಂದೂ ಹೇಳಿದರು. ಮೂರು ವರ್ಷದ ಬಳಿಕ, 2015ರ ಜೂನ್ 26ರಂದು, ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅಂಥ ಮದುವೆಗೆ ದೇಶವಿಡೀ ಮಾನ್ಯತೆ ನೀಡಿತು. ಮೊದಲು ಪರದೆ, ಆಮೇಲೆ ಜನಾಭಿಪ್ರಾಯ, ಕಡೆಗೆ ಕಾನೂನು ಎಂಬ ಈ ಕ್ರಮವನ್ನು ಭಾರತಕ್ಕೂ ಹಾಗೆಯೇ ಅನ್ವಯಿಸಿಬಿಡುವುದು ಸುಲಭ. ತಾರೀಖುಗಳು ಮಾತ್ರ ಅದಕ್ಕೆ ಒಪ್ಪುವುದಿಲ್ಲ. ‘ಮೈ ಬ್ರದರ್ ನಿಖಿಲ್’ (2005), ‘ಅಲಿಗಢ’ (2016) ಇಂಥ ಕೆಲವನ್ನು ಬಿಟ್ಟರೆ, ಹಿಂದಿಯ ಜನಪ್ರಿಯ ಸಿನಿಮಾ ಸಲಿಂಗ ಪ್ರೇಮವನ್ನು ಕಥೆಯ ನಟ್ಟನಡುವೆ ಇಟ್ಟುಕೊಂಡದ್ದು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತ ಮೇಲೆ: ‘ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ’ 2019ರಲ್ಲಿ, ‘ಶುಭ್ ಮಂಗಲ್ ಜ್ಯಾದಾ ಸಾವಧಾನ್’ 2020ರಲ್ಲಿ, ‘ಬಧಾಯಿ ದೋ’ 2022ರಲ್ಲಿ. ಇಲ್ಲಿ ಕಾನೂನು ಮುಂದೆ ನಡೆಯಿತು, ಪರದೆ ಹಿಂಬಾಲಿಸಿತು.

ಹಾಗಾದರೆ ನಮ್ಮ ಸಿನಿಮಾ ಈ ಚರ್ಚೆಗೆ ಕೊಟ್ಟದ್ದೇನು? ಗಂಡು-ಹೆಣ್ಣಿನ ಮದುವೆ ತನ್ನ ಮರೆಯಲ್ಲಿ ಏನೇನನ್ನು ಬಚ್ಚಿಡುತ್ತದೆ ಎಂಬುದರ ವಿಚಾರಣೆಯನ್ನು, ಎಂಬುದು ಈ ಲೇಖನದ ವಾದ. 2023ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದಿದ್ದದ್ದು ಇನ್ನೂ ಆಗದ ಮದುವೆಯ ಪ್ರಶ್ನೆ. ಸಿನಿಮಾ ಎತ್ತಿಕೊಂಡದ್ದು ಆಗಿಹೋದ ಮದುವೆಯ ಪ್ರಶ್ನೆ.

ಈ ಎಳೆ ದೀಪಾ ಮೆಹ್ತಾರ ‘ಫೈರ್’ನಲ್ಲೇ (1996) ಇದೆ. ದಿಲ್ಲಿಯ ಕೂಡುಕುಟುಂಬದ ರಾಧಾ, ಸೀತಾ ಓರಗಿತ್ತಿಯರು. ಒಬ್ಬಳ ಗಂಡ ಸ್ವಾಮೀಜಿಯ ಮಾತು ಕೇಳಿ ಬ್ರಹ್ಮಚರ್ಯ ಹಿಡಿದವನು, ಇನ್ನೊಬ್ಬಳ ಗಂಡನ ಮನಸ್ಸು ಬೇರೊಬ್ಬಳಲ್ಲಿ. ಇವರಿಬ್ಬರನ್ನು ಒಂದೇ ಸೂರಿನಡಿ ತಂದದ್ದೂ, ಯಾರಿಗೂ ಅನುಮಾನ ಬಾರದಂತೆ ಕಾಯುವುದೂ ಆ ಮದುವೆಗಳೇ. ಓರಗಿತ್ತಿಯರು ಅಡುಗೆಮನೆಯಲ್ಲಿ ಒಟ್ಟಿಗಿದ್ದರೆ, ಒಬ್ಬಳ ಕಾಲನ್ನು ಇನ್ನೊಬ್ಬಳು ಒತ್ತಿದರೆ ಯಾರು ತಾನೆ ಏನೆಂದಾರು? ಗಂಡನ ಆಯುಷ್ಯಕ್ಕೆಂದು ಹಿಡಿಯುವ ಕರ್ವಾ ಚೌಥ್ ಉಪವಾಸದ ದಿನವೂ ಒಬ್ಬಳಿಗೆ ನೀರು ಕುಡಿಸುವವಳು ಇನ್ನೊಬ್ಬಳೇ. 1998ರ ನವೆಂಬರ್‌ನಲ್ಲಿ ಇಲ್ಲಿ ತೆರೆಕಂಡ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಲಿಲ್ಲ. ಹಿಂದಿ ಆವೃತ್ತಿಯಲ್ಲಿ ಸೀತಾ ‘ನೀತಾ’ ಆದಳು, ಅಷ್ಟೆ. ಡಿಸೆಂಬರ್‌ನಲ್ಲಿ ಶಿವಸೇನೆಯ ಕಾರ್ಯಕರ್ತರು ಮುಂಬೈ, ದಿಲ್ಲಿಯ ಚಿತ್ರಮಂದಿರಗಳಿಗೆ ನುಗ್ಗಿದರು. ಹೆಂಗಸರ ಬೇಕುಗಳು ಹೀಗೆ ಈಡೇರಿದರೆ ವಿವಾಹ ಸಂಸ್ಥೆಯೇ ಕುಸಿದೀತು ಎಂಬುದು ಆ ಪಕ್ಷದ ಮಹಿಳಾ ಘಟಕದ ಆಕ್ಷೇಪವಾಗಿತ್ತು. ಚಿತ್ರದ ನಿಜವಾದ ವಸ್ತು ಮದುವೆಯೇ ಎಂಬುದನ್ನು, ನನ್ನ ದೃಷ್ಟಿಯಲ್ಲಿ, ಅದನ್ನು ಹೊಗಳಿದ ಹಲವರಿಗಿಂತ ಇವರೇ ಸರಿಯಾಗಿ ಹಿಡಿದಿದ್ದರು. ಅದೇ ತಿಂಗಳು ದಿಲ್ಲಿಯ ರೀಗಲ್ ಚಿತ್ರಮಂದಿರದ ಮುಂದೆ, ತಾವು ಭಾರತೀಯರೂ ಹೌದು ಲೆಸ್ಬಿಯನ್ನರೂ ಹೌದು ಎಂಬ ಫಲಕ ಹಿಡಿದು ಹೆಣ್ಣುಮಕ್ಕಳು ನಿಂತರು.

ಕನ್ನಡದಲ್ಲಿ ಮದುವೆಯ ಮರೆಯನ್ನು ಸರಿಸುವ ಈ ಕೆಲಸ ಮಾಡಿದ್ದು ಕಥೆ. ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ (2013) ನಾಯಕನಿಂದ ಜೊತೆಗಾರ ಕಾರ್ತಿಕನನ್ನು ಕಿತ್ತುಕೊಳ್ಳುವುದು ಹೆಣ್ಣೊಬ್ಬಳೊಡನೆ ಗೊತ್ತಾಗುವ ಮದುವೆ. ಪದಗಳ ಬಗ್ಗೆಯೂ ಒಂದು ಮಾತು ಸೇರಿಸಬೇಕು. ‘ಸಲಿಂಗಕಾಮ’ ಎಂಬ ನಮ್ಮ ರೂಢಿಯ ಶಬ್ದ ಮನುಷ್ಯರ ಬದುಕನ್ನೆಲ್ಲ ಹಾಸಿಗೆಗೆ ಇಳಿಸುತ್ತದೆ. ಗಂಡು-ಹೆಣ್ಣಿನ ಸಂಸಾರವನ್ನು ಯಾರೂ ‘ಭಿನ್ನಲಿಂಗಕಾಮ’ ಎನ್ನುವುದಿಲ್ಲ. 2023ರಲ್ಲಿ ಪತ್ರಿಕೆಗಳ ತಲೆಬರಹದಲ್ಲಿ ‘ಸಲಿಂಗ ವಿವಾಹ’ ಮತ್ತೆಮತ್ತೆ ಬಂದಾಗ ಕಾಮ ಸದ್ದಿಲ್ಲದೆ ಎದ್ದುಹೋಗಿ ಆ ಜಾಗದಲ್ಲಿ ವಿವಾಹ ಕೂತಿತು.

ಮತ್ತೆ ಸಿನಿಮಾಕ್ಕೆ ಬಂದರೆ, ‘ದೋಸ್ತಾನಾ’ದಲ್ಲಿ (2008) ಬಾಡಿಗೆ ಮನೆಗಾಗಿ ಹೂಡುವ ಸುಳ್ಳು ಸಲಿಂಗ ಪ್ರೇಮ ನಗುವಿಗಷ್ಟೇ ಸಾಕಾಯಿತು. ಹರ್ಷವರ್ಧನ್ ಕುಲಕರ್ಣಿಯವರ ‘ಬಧಾಯಿ ದೋ’ದಲ್ಲಿ ಸುಳ್ಳು ತಿರುಗುಮುರುಗಾಗಿದೆ. ಡೆಹ್ರಾಡೂನಿನ ಪೊಲೀಸ್ ಶಾರ್ದೂಲ್‌ಗೆ ಗಂಡಸರಲ್ಲಿ ಒಲವು, ಪಿ.ಟಿ. ಟೀಚರ್ ಸುಮಿಗೆ ಹೆಂಗಸರಲ್ಲಿ. ಮನೆಯವರ ಕಾಟ ತಪ್ಪಿಸಿಕೊಳ್ಳಲು ಇಬ್ಬರೂ ಪರಸ್ಪರ ಮದುವೆಯಾಗುತ್ತಾರೆ. ಗುಟ್ಟು ರಟ್ಟಾದ ಮೇಲೂ ಆ ಮದುವೆ ಮುರಿಯುವುದಿಲ್ಲ. ಕಾರಣ ಮಗು: ಜೋಡಿಯಾಗಿ ದತ್ತು ಪಡೆಯಲು ಕಾಗದದ ಮೇಲೆ ಗಂಡ-ಹೆಂಡತಿ ಬೇಕು. ಮಗುವನ್ನು ಮನೆ ತುಂಬಿಸಿಕೊಳ್ಳುವ ಹೋಮಕ್ಕೆ ಅವರವರ ಸಂಗಾತಿಗಳನ್ನೂ ಕರೆದು ಕೂರಿಸುತ್ತಾರೆ. ಎಲ್ಲರೂ ನಗುತ್ತಿರುವ ಈ ಮುಕ್ತಾಯದಲ್ಲಿ ನನಗೆ ಕಾಣುವುದು ಸೋಲು. ಕುಟುಂಬ ಒಪ್ಪಿದರೂ ಕಾನೂನು ಆ ಸುಳ್ಳನ್ನು ಬಿಟ್ಟುಕೊಡಲು ಬಿಡುವುದಿಲ್ಲ.

ಇಪ್ಪತ್ತು ತಿಂಗಳ ನಂತರ, ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ ಅರ್ಜಿಗಳಲ್ಲಿ, ಸುಪ್ರೀಂ ಕೋರ್ಟಿನ ಐವರ ನ್ಯಾಯಪೀಠ ಒಡೆದದ್ದು ದತ್ತುವಿನ ಇದೇ ಪ್ರಶ್ನೆಯ ಮೇಲೂ. 2023ರ ಏಪ್ರಿಲ್ 18ರಿಂದ ಹತ್ತು ದಿನ ನಡೆದ ವಿಚಾರಣೆ ನೇರಪ್ರಸಾರವಾಯಿತು. ಮೊಬೈಲ್ ಇದ್ದವರೆಲ್ಲ ನೋಡಬಹುದಿತ್ತು. ಇದು ನಗರದ ಮೇಲ್ವರ್ಗದವರ ಬೇಡಿಕೆ ಎಂದು ಕೇಂದ್ರ ಸರ್ಕಾರ ವಾದಿಸಿತು. ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿದರು. ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆ ಮೂಲಭೂತ ಹಕ್ಕಲ್ಲ ಎಂಬಲ್ಲಿ ಐವರೂ ಒಂದಾದರು. ಅವಿವಾಹಿತ ಜೋಡಿಗಳನ್ನು ದತ್ತುವಿನಿಂದ ಹೊರಗಿಡುವ ನಿಯಮ ತಾರತಮ್ಯದ್ದು ಎಂದ ಚಂದ್ರಚೂಡ್ ಮತ್ತು ಕೌಲ್ ಅಲ್ಪಮತಕ್ಕೆ ಬಿದ್ದರು. ಭಟ್, ಕೊಹ್ಲಿ, ನರಸಿಂಹ ಒಪ್ಪಲಿಲ್ಲ.

ಅರ್ಜಿದಾರರು ಪ್ರಶ್ನಿಸಿದ ಇನ್ನೊಂದು ಸಂಗತಿ ದೃಶ್ಯತೆಯ, ಅಂದರೆ ಎಲ್ಲರಿಗೂ ಕಾಣಿಸಿಕೊಳ್ಳುವುದರ, ಚರ್ಚೆಗೆ ತೀರ ಹತ್ತಿರದ್ದು. 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗುವವರ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎದ್ದುಕಾಣುವಂತೆ ಅಂಟಿಸಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಸಿನಿಮಾದ ಪರದೆಯ ಮೇಲೆ ಕಾಣಿಸಿಕೊಳ್ಳುವುದು ಬಿಡುಗಡೆ ಎಂದು ನಾವು ಬರೆಯುತ್ತೇವೆ. ಮನೆಬಿಟ್ಟು ಬಂದ ಜೋಡಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಯ ಮೇಲೆ ಹೆಸರು, ವಿಳಾಸ ಕಾಣಿಸಿಕೊಳ್ಳುವುದೆಂದರೆ ಅಣ್ಣಂದಿರಿಗೆ ತಾವೇ ದಾರಿ ತೋರಿಸಿದ ಹಾಗೆ. ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳಿಗೆ ಇದು ಹಳೆಯ ಅನುಭವ.

ತೀರ್ಪು ಬಂದು ಐದು ವಾರ ಕಳೆಯುತ್ತಲೇ, ನವೆಂಬರ್ 23ರಂದು, ಜಿಯೋ ಬೇಬಿಯವರ ಮಲಯಾಳಂ ಚಿತ್ರ ‘ಕಾದಲ್: ದ ಕೋರ್’ ಬಿಡುಗಡೆಯಾಯಿತು. ಮಮ್ಮೂಟ್ಟಿಯಂಥ ತಾರೆ ಮ್ಯಾಥ್ಯೂ ದೇವಸ್ಸಿಯಾಗಿ ಪಂಚಾಯಿತಿ ಉಪಚುನಾವಣೆಗೆ ನಿಂತಿದ್ದಾರೆ. ಅದೇ ಹೊತ್ತಿಗೆ ಹೆಂಡತಿ ಓಮನ (ಜ್ಯೋತಿಕಾ) ವಿಚ್ಛೇದನದ ಅರ್ಜಿ ಹಾಕುತ್ತಾಳೆ. ಗಂಡ ಸಲಿಂಗಿ ಎಂಬುದು ಅವಳು ಕೊಡುವ ಕಾರಣ. ಅವಳಿಗೆ ಗಂಡನ ಮೇಲೆ ದ್ವೇಷವಿಲ್ಲ. ಇಬ್ಬರಿಗೂ ಬಿಡುಗಡೆ ಬೇಕು, ಅಷ್ಟೆ. ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಸಂಗಾತಿಯನ್ನು ವರಿಸಲು ಹಕ್ಕು ಕೇಳಿದವರ ದನಿ ಗಟ್ಟಿಯಾಗಿ ಕೇಳಿತ್ತು. ಮರೆಗೆಂದು ಬಳಕೆಯಾದ ಓಮನಳಂಥವಳಿಗೆ ಅಲ್ಲಿ ಜಾಗವಿರಲಿಲ್ಲ, ಇರಲು ಅದು ಅವಳ ವ್ಯಾಜ್ಯವೂ ಅಲ್ಲ. ಅವಳ ವ್ಯಾಜ್ಯ ಕುಟುಂಬ ನ್ಯಾಯಾಲಯದ್ದು, ಅದನ್ನು ತೋರಿಸಿದ್ದು ಸಿನಿಮಾ. ಚಿತ್ರಕ್ಕೆ ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಯೂ ಬಂತು.

2024ರಲ್ಲಿ ಕೇಂದ್ರ ಸರ್ಕಾರ ಎರಡು ಸ್ಪಷ್ಟನೆ ನೀಡಿತು: ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿನ ಮಟ್ಟಿಗೆ ಅವರು ಒಂದೇ ಮನೆಯವರು. 2025ರ ಜನವರಿಯಲ್ಲಿ ಆ ತೀರ್ಪಿನ ಮರುಪರಿಶೀಲನೆ ಕೋರಿದ ಅರ್ಜಿಗಳು ವಜಾಗೊಂಡವು. ಜಂಟಿ ಖಾತೆ, ರೇಷನ್ ಕಾರ್ಡು: ಮ್ಯಾಥ್ಯೂ, ಓಮನ ಇಬ್ಬರ ನಡುವೆ ಇಪ್ಪತ್ತು ವರ್ಷ ಉಳಿದಿದ್ದುದೂ ಹೆಚ್ಚುಕಡಿಮೆ ಇಷ್ಟೇ.