ಥೈರಾಯ್ಡ್ ಔಷಧಜನ್ಯ ರಕ್ತನಾಳ ಉರಿಯೂತ

ಥೈರಾಯ್ಡ್ ಗ್ರಂಥಿಯ ಅತಿಸ್ರಾವವನ್ನು ತಗ್ಗಿಸುವ ಔಷಧಗಳಿಂದ ಅಪರೂಪಕ್ಕೆ ಬರುವ, ಸಣ್ಣ ರಕ್ತನಾಳಗಳ ಉರಿಯೂತ. ಮುಖ್ಯ ಕಾರಣ ಪ್ರೊಪೈಲ್‌ಥಯೊಯುರಾಸಿಲ್. ಮೆಥಿಮಜೋಲ್ ಮತ್ತು ಕಾರ್ಬಿಮಜೋಲ್‌ಗಳಿಂದ ಇನ್ನೂ ವಿರಳ. ಗ್ರಂಥಿಯ ಕೊರತೆಗೆ ಕೊಡುವ ಥೈರಾಕ್ಸಿನ್ ಈ ಗುಂಪಿಗೆ ಸೇರುವುದಿಲ್ಲ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಕಡೆ ಎರಡಕ್ಕೂ ‘ಥೈರಾಯ್ಡ್ ಗುಳಿಗೆ’ ಎಂದೇ ಅನ್ನುವುದರಿಂದ ಇದನ್ನು ಮೊದಲೇ ಹೇಳುವುದು ಅಗತ್ಯ.

1941ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಲ್ಫಾಗ್ವಾನಿಡಿನ್ ತಿಂದ ಇಲಿಗಳ ಥೈರಾಯ್ಡ್ ಊದಿಕೊಂಡಿತು. ಅಂಥ ಸುಳಿವುಗಳನ್ನು ಹಿಡಿದು ಬಾಸ್ಟನ್ನಿನ ಎಡ್ವಿನ್ ಆಸ್ಟ್‌ವುಡ್ ಥಯೊಯುರಿಯ, ಥಯೊಯುರಾಸಿಲ್‌ಗಳನ್ನು ರೋಗಿಗಳಿಗೆ ಕೊಟ್ಟು 1943ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯನ್ನೇ ನಂಬಿದ್ದ ಕಾಲಕ್ಕೆ ಅದು ದೊಡ್ಡ ವರ. 1947ರಲ್ಲಿ ಪ್ರೊಪೈಲ್‌ಥಯೊಯುರಾಸಿಲ್ ಬಳಕೆಗೆ ಬಂತು, ಉಳಿದೆರಡು ಅದರ ಬೆನ್ನಿಗೇ ಬಂದವು.

ಈ ಔಷಧಗಳಿಂದ ಜ್ವರ, ಕೀಲುನೋವು, ಚರ್ಮದ ಕಲೆಗಳು ಬರುವುದು ವೈದ್ಯರಿಗೆ ಗೊತ್ತಿತ್ತು. ಅದರ ಒಳಗುಟ್ಟು ಬಿಚ್ಚಿದ್ದು ಆಂಕಾ ಎಂಬ ಪ್ರತಿಕಾಯದಿಂದ. 1982ರಲ್ಲಿ ಆಸ್ಟ್ರೇಲಿಯದ ವೈದ್ಯರು ಅದನ್ನು ಮೂತ್ರಪಿಂಡದ ರೋಗಿಗಳಲ್ಲಿ ಗುರುತಿಸಿದರು. 1993ರಲ್ಲಿ ಡೋಲ್ಮನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರೊಪೈಲ್‌ಥಯೊಯುರಾಸಿಲ್‌ಗೂ ಅದಕ್ಕೂ ಇರುವ ನಂಟನ್ನು ತೋರಿಸಿದರು. ಔಷಧವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಶೇಖರವಾಗಿ ಮೈಯಲೋಪೆರಾಕ್ಸಿಡೇಸ್ ಕಿಣ್ವದ ರಚನೆಯನ್ನು ಬದಲಿಸುತ್ತದೆ, ಆಗ ದೇಹ ತನ್ನದೇ ಕಿಣ್ವದ ಮೇಲೆ ತಿರುಗಿಬೀಳುತ್ತದೆ ಎಂಬುದು ಈಗಿನ ಪ್ರಬಲ ವಿವರಣೆ. ಪ್ರತಿಕಾಯ ಕಂಡವರಲ್ಲಿ ಬಹಳಷ್ಟು ಮಂದಿಗೆ ರೋಗ ಬರುವುದೇ ಇಲ್ಲ.

ರೋಗ ಬಂದಾಗ, ಮೊಣಕಾಲ ಕೆಳಗೆ ಒತ್ತಿದರೂ ಮಾಸದ ಕೆನ್ನೀಲಿ ಚುಕ್ಕೆಗಳು ಏಳುತ್ತವೆ. ಮೂತ್ರದಲ್ಲಿ ರಕ್ತ ಹೋಗುವುದು, ಕೆಮ್ಮಿದಾಗ ರಕ್ತ ಬೀಳುವುದು ಅಪಾಯದ ಗುರುತುಗಳು. ಗುಳಿಗೆ ಶುರುವಾದ ವಾರಗಳಲ್ಲೂ ಬರಬಹುದು, ವರ್ಷಗಳ ಮೇಲೂ ಬರಬಹುದು. ರೋಗ ತಪ್ಪಿಹೋಗುವುದು ಇಲ್ಲಿಯೇ: ಅಷ್ಟು ದಿನ ಒಗ್ಗಿದ ಔಷಧದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಔಷಧ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಮೂತ್ರಪಿಂಡ, ಶ್ವಾಸಕೋಶಕ್ಕೆ ತಗುಲಿದ್ದರೆ ಸ್ಟೀರಾಯ್ಡ್ ಬೇಕಾಗುತ್ತದೆ. ಬೇಗ ಗುರುತಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಯಕೃತ್ತಿನ ಹಾನಿಯ ಕಾರಣಕ್ಕೆ 2010ರಲ್ಲಿ ಅಮೆರಿಕ ಪ್ರೊಪೈಲ್‌ಥಯೊಯುರಾಸಿಲ್‌ಗೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಈಗ ಅದು ಹೆಚ್ಚಾಗಿ ಗರ್ಭಧಾರಣೆಯ ಮೊದಲ ಮೂರು ತಿಂಗಳಿಗೆ ಮೀಸಲು. ಭಾರತದಲ್ಲಿ ಹೆಚ್ಚಾಗಿ ಬರೆಯುವುದು ಕಾರ್ಬಿಮಜೋಲ್.

ಈ ಮೂರೂ ತಾಲ್ಲೂಕುಗಳಿಂದ ದೊಡ್ಡ ತಪಾಸಣೆಗೆ ಗದಗಿನ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹೋಗುವವರು ಹಳೆಯ ಔಷಧ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಬೇಕು. ಚುಕ್ಕೆ ಕಂಡ ದಿನವೇ ವೈದ್ಯರಿಗೆ ತೋರಿಸಬೇಕು. ಅವರನ್ನು ಕೇಳದೆ ಗುಳಿಗೆ ಬಿಡಬಾರದು.