ಚಿತ್ರದಿಂದ ಬೇರೆಯಾದ ದನಿ

ಹರಿಕಥೆಯ ವಿಡಿಯೋ ಒಂದರಿಂದ ಚಿತ್ರವನ್ನು ಕಳಚಿ, ಧ್ವನಿಯನ್ನು ಮಾತ್ರ ಫೋನಿನಲ್ಲಿ ಇಟ್ಟುಕೊಂಡು ಗದ್ದೆಯ ಬದುವಿನ ಮೇಲೆ ಕೇಳುವವರು ನಮ್ಮ ಮಂಡ್ಯದ ಸೀಮೆಯಲ್ಲಿ ಈಗ ಅಪರೂಪವಲ್ಲ. ಇದು ಇಂದಿನ ಯಂತ್ರಗಳ ಕೊಡುಗೆಯೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿ ನೋಡಿದರೆ ಇದರ ಚರಿತ್ರೆಗೆ 90 ವರ್ಷಗಳು ಸಂದಿವೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರ ಮಾರ್ಚಿಯಲ್ಲಿ. ವಾಕ್ಚಿತ್ರದ ಸುರುಳಿಯಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅವುಗಳ ಮಗ್ಗುಲಿನ ಕಿರಿದಾದ ಪಟ್ಟಿಯಲ್ಲಿ ಧ್ವನಿಯು ಬೆಳಕು ನೆರಳಿನ ಗೆರೆಯಾಗಿ ಅಚ್ಚಾಗಿರುತ್ತದೆ. ಚಿತ್ರವು ದೀಪದ ಮುಂದೆ ಒಂದೊಂದಾಗಿ ನಿಂತು ನಿಂತು ಸಾಗಬೇಕು; ಧ್ವನಿಯಾದರೋ ತಡೆಯಿಲ್ಲದೆ ಹರಿಯಬೇಕು. ಆದ್ದರಿಂದ 35 ಮಿ.ಮೀ. ಸುರುಳಿಯಲ್ಲಿ ಧ್ವನಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಚೌಕ ಮುಂದೆ ಅಚ್ಚುಹಾಕುತ್ತಿದ್ದರು. ತೆರೆಯ ಮೇಲೆ ಕೂಡಿ ಬಾಳುವ ಮುಖವೂ ಮಾತೂ ಸುರುಳಿಯೊಳಗೆ ಮೊದಲಿನಿಂದಲೂ ಬೇರೆ ಬೇರೆ ಸಂಸಾರ ಹೂಡಿದ್ದವು!

ಶ್ರೀರಂಗಪಟ್ಟಣದಿಂದ ಹೊಳೆ ದಾಟಿ ಹೋದರೆ ಮೈಸೂರು. ಅಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಮುಖ ಕಾಣದ ದನಿಯನ್ನು ಕೇಳಿ ಮನಸ್ಸಿನಲ್ಲಿಯೇ ಚಿತ್ರ ಕಟ್ಟಿಕೊಳ್ಳುವುದನ್ನು ಬಾನುಲಿ ನಮ್ಮ ಜನಕ್ಕೆ ರೂಢಿ ಮಾಡಿಸಿತು. ಮುಂದೆ ಚಲನಚಿತ್ರದ ಧ್ವನಿಯನ್ನಷ್ಟೇ ಸಂಕ್ಷೇಪಿಸಿ ಪ್ರಸಾರ ಮಾಡುವ ಕಾರ್ಯಕ್ರಮಗಳೂ ಬಂದವು. ಸಿನಿಮಾ ನೋಡದೆಯೇ ಅದರ ಮಾತುಗಳನ್ನು ಬಾಯಿಪಾಠ ಹೇಳುವವರು ಹುಟ್ಟಿಕೊಂಡರು.

ದನಿಯೊಂದೇ ಸಾಕೆನ್ನಿಸುವ ಕೃತಿಗಳಿಗೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರ ಗೀತನಾಟಕಗಳಲ್ಲಿ ಕಥೆಯ ಭಾರವನ್ನು ಹೊರುವುದು ಹಾಡು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಸಿ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಆ ಕವಿತೆಗಳು ಕ್ಯಾಸೆಟ್ಟು ಸೇರಿ ಮನೆಮನೆಗೆ ನಡೆದವು. 1990ರ ದಶಕದ ಮೊದಲಲ್ಲಿ ಟಿ. ಎಸ್. ನಾಗಾಭರಣರ ಚಿತ್ರವೂ ಆದವು. ಚಿತ್ರ ನೋಡಿದವರಿಗಿಂತ ಹಾಡು ಕೇಳಿದವರೇ ಹೆಚ್ಚೆಂದರೆ ಯಾರೂ ತಕರಾರು ಮಾಡಲಾರರು.

ಆದರೆ ಎಲ್ಲ ಕಲೆಗಳಿಗೂ ಈ ನ್ಯಾಯ ಸಲ್ಲುವುದಿಲ್ಲ. ನಾಗಮಂಗಲದ ಕಡೆಯ ಮೂಡಲಪಾಯ ಯಕ್ಷಗಾನವನ್ನು ತೆಗೆದುಕೊಳ್ಳಿ. ಅದೇ ತಾಲ್ಲೂಕಿನವರಾದ ಜೀ. ಶಂ. ಪರಮಶಿವಯ್ಯನವರು ಅದರ ಉಳಿವಿಗಾಗಿ ಬಹುಕಾಲ ದುಡಿದರು. ಭಾಗವತರ ಹಾಡು, ಮದ್ದಳೆ, ಮುಖವೀಣೆ ಇವು ಧ್ವನಿಯಲ್ಲಿ ಉಳಿಯುತ್ತವೆ. ಕಿರೀಟ, ಭುಜಕೀರ್ತಿ, ಹೆಜ್ಜೆಯ ಗತ್ತು ಉಳಿಯುವುದು ಹೇಗೆ? ಬಯಲಾಟದ ಒಂದು ರಾತ್ರಿಯನ್ನು ವಿಡಿಯೋ ಮಾಡಿ, ಧ್ವನಿಯನ್ನು ತೆಗೆದುಕೊಂಡು, ಜಾಗ ಸಾಲದೆಂದು ವಿಡಿಯೋವನ್ನು ಅಳಿಸಿಬಿಟ್ಟರೆ ಅರ್ಧ ಕಲೆ ಹೋದಂತೆಯೇ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಆ ನಷ್ಟವೊಂದೇ ಪಾಠಕ್ಕೆ ಸಾಕು.

ಜಾಗದ ಆಸೆ ಸಣ್ಣದಲ್ಲ, ನಿಜ. ಸೆಕೆಂಡಿಗೆ 2 ಮೆಗಾಬಿಟ್‌ನ ಚಿತ್ರ ಒಂದು ಗಂಟೆಗೆ 900 ಮೆಗಾಬೈಟ್ ತಿನ್ನುತ್ತದೆ. 128 ಕಿಲೋಬಿಟ್‌ನ ಧ್ವನಿಗೆ ಸುಮಾರು 58 ಸಾಕು. ಇಲ್ಲಿ ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಎಂ.ಪಿ. 4 ಎಂಬುದು ಒಂದು ಪೆಟ್ಟಿಗೆ. ಹಳೆಯ ಸುರುಳಿಯಂತೆ ಅದರಲ್ಲಿಯೂ ಚಿತ್ರ ಬೇರೆ, ಧ್ವನಿ ಬೇರೆ. ಆ ಧ್ವನಿಯನ್ನು ಇದ್ದಂತೆಯೇ ಎತ್ತಿ ಇನ್ನೊಂದು ಪೆಟ್ಟಿಗೆಯಲ್ಲಿಟ್ಟರೆ ಏನೂ ಕಳೆಯುವುದಿಲ್ಲ. ಅದನ್ನು ಎಂ.ಪಿ. 3 ಆಗಿ ಹೊಸದಾಗಿ ಬರೆದರೆ, ಅಚ್ಚುಬೆಲ್ಲವನ್ನು ಮತ್ತೆ ಕರಗಿಸಿ ಅಚ್ಚಿಗೆ ಹುಯ್ದಂತೆ, ಸ್ವಲ್ಪ ನಷ್ಟವಾಗಿಯೇ ತೀರುತ್ತದೆ. ಕೇಳಿ ಆನಂದಪಡುವುದಕ್ಕೆ ಅಷ್ಟು ನಷ್ಟ ಬಾಧಕವಲ್ಲ, ಕಾಪಿಡುವುದಕ್ಕೆ ಬಾಧಕ.

ಆದಕಾರಣ ಹೊಲಕ್ಕೆ ಹೋಗುವಾಗ ದನಿಯನ್ನು ಜೊತೆಗೆ ಕೊಂಡೊಯ್ಯೋಣ. ಮೂಲವನ್ನು ಮಾತ್ರ ಮನೆಯಲ್ಲಿ ಜೋಪಾನವಾಗಿ ಇಡೋಣ. ಊರಿನ ಭಾಗವತರ ಆಟವನ್ನು ಚಿತ್ರಿಸಿಕೊಂಡಿರುವ ತರುಣರು ಅದರ ಒಂದು ಪ್ರತಿಯನ್ನು ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಿಸಿ, ಎಲ್ಲಿ, ಯಾವ ದಿನ, ಯಾವ ಪ್ರಸಂಗ ಎಂಬುದನ್ನು ಬರೆದಿಟ್ಟರೆ, ಮುಂದಿನವರು ಕೇಳಬಲ್ಲರು, ನೋಡಿ ಕಲಿಯಲೂ ಬಲ್ಲರು.